ಆಕ್ಷೇಪಣೆಯ ಪಟ್ಟಿಯಲ್ಲಿ ಇಲ್ಲದ ಹೆಸರು

ನಮ್ಮ ಕೌಂಟಿಯ ಮತದಾರರ ನೋಂದಣಿ ಅಧಿಕಾರಿಗಳಿಗೆ

ಮಾನ್ಯರೇ,

ಕಳೆದ ವರ್ಷ, ಅಂದರೆ 2024ರ ಆಗಸ್ಟ್ ತಿಂಗಳ ಒಂದು ಮಂಗಳವಾರ, ತಾವು ನೂರ ಹದಿನೆಂಟು ಜನರ ಹೆಸರನ್ನು ಒಂದೇ ನಿರ್ಣಯದಲ್ಲಿ ಮತದಾರರ ಪಟ್ಟಿಯಿಂದ ತೆಗೆದುಹಾಕಿದಿರಿ. ಅವರಲ್ಲಿ ನಿಜವಾಗಿ ಊರು ಬಿಟ್ಟವರು ಎಷ್ಟು, ಇಲ್ಲೇ ಇರುವವರು ಎಷ್ಟು ಎಂದು ಯಾರೂ ವಿಚಾರಿಸಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಕೆಲಸ ಬಿಟ್ಟು ತಮ್ಮ ಸಭಾಂಗಣಕ್ಕೆ ಬಂದು ನಿಲ್ಲಲಿಲ್ಲ ಎಂಬುದೊಂದೇ ಅವರ ಅಪರಾಧ. ನಾನು ಅಲ್ಲಿ ಮೂರನೆಯ ಸಾಲಿನಲ್ಲಿ ಕುಳಿತಿದ್ದೆ.

ಈ ವಿಷಯವನ್ನು ಇಂಗ್ಲಿಷಿನಲ್ಲಿ ತಮಗೆ ಮೂರು ಸಲ ಬರೆದಿದ್ದೇನೆ. ಮೂರು ಸಲವೂ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಉತ್ತರ ಎರಡೇ ಸೆಕೆಂಡಿನಲ್ಲಿ ಬಂತು. ಇಷ್ಟು ಶೀಘ್ರವಾಗಿ ಓದಬಲ್ಲವರಿಗೆ ಕನ್ನಡ ಯಾವ ಲೆಕ್ಕ? ಅದೂ ಅಲ್ಲದೆ ಈ ಪತ್ರವನ್ನು ಅಟ್ಲಾಂಟಾದ ಸುತ್ತಮುತ್ತಲ ನಮ್ಮವರೂ ಓದಬೇಕಾಗಿದೆ. ಕಾಗುಣಿತವನ್ನು ನನ್ನ ತಾಯಿ ಕಾತ್ಯಾಯಿನಿ ತಿದ್ದಿದ್ದಾರೆ. ಅಭಿಪ್ರಾಯಗಳನ್ನು ತಿದ್ದಲು ನಾನು ಬಿಟ್ಟಿಲ್ಲ.

ನಾನು ಮೈಸೂರಿನಿಂದ ಒಂಬತ್ತನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದವಳು. ಈಗ ಇಪ್ಪತ್ತೇಳು, ಈ ದೇಶದ ಪ್ರಜೆ. 2020ರಲ್ಲಿ ಕಾಲೇಜಿನ ಗೆಳತಿಯರೊಂದಿಗೆ ಕಪ್ಪು ಜನರ ಹಕ್ಕಿಗಾಗಿ ಅಟ್ಲಾಂಟಾದ ಬೀದಿಯಲ್ಲಿ ಫಲಕ ಹಿಡಿದು ನಡೆದಿದ್ದೇನೆ. ಮನೆಗೆ ಬರುವ ಅಂಕಲ್‌ಗಳು ನನ್ನನ್ನು ‘ಲಿಬರಲ್ಲಮ್ಮ’ ಎಂದು ಕರೆದು ನಗುತ್ತಾರೆ, ನಾನೂ ನಗುತ್ತಿದ್ದೆ. ಸಮಾನತೆ ಎಂಬುದು ಕಾನೂನಿನಲ್ಲಿ ಈಗಾಗಲೇ ಇದೆ, ಇನ್ನು ಜನರ ಮನಸ್ಸಿಗೆ ಇಳಿಯುವುದಷ್ಟೇ ಬಾಕಿ ಎಂದು ಆಗ ನಾನು ದೃಢವಾಗಿ ನಂಬಿದ್ದೆ.

ನನ್ನ ಅಪ್ಪ ಅಮ್ಮನ ಮನೆಯಿಂದ ಎರಡು ಮನೆ ಆಚೆ ಬಷೀರ್ ಅಂಕಲ್ ಮತ್ತು ಜೈನಬ್ ಆಂಟಿ ಇದ್ದಾರೆ. ಅವರೂ ಮೈಸೂರಿನವರು, ಉದಯಗಿರಿಯವರು. ಆಂಟಿಗೆ ಪೌರತ್ವ ಸಿಕ್ಕಿದ್ದು 2022ರಲ್ಲಿ. ಪ್ರಮಾಣವಚನದ ದಿನ ಕೈಗೆ ಕೊಟ್ಟ ಪುಟ್ಟ ಬಾವುಟವನ್ನು ಅವರು ಇಂದಿಗೂ ಸಕ್ಕರೆ ಡಬ್ಬಿಯ ಪಕ್ಕದಲ್ಲಿ ನಿಲ್ಲಿಸಿದ್ದಾರೆ. ಪೌರತ್ವ ಸಿಕ್ಕ ಮರುವರ್ಷ ಮಂಡಿಯ ಆಪರೇಷನ್ ಆದಾಗ ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಲ್ಲಿರುವ ಮಗಳು ನಾಯಿಲಾಳ ಮನೆಯಲ್ಲಿ ಐದು ತಿಂಗಳು ಇದ್ದರು. ಔಷಧಿ, ಆಸ್ಪತ್ರೆಯ ಕಾಗದಗಳು ತಪ್ಪಿಹೋಗದಿರಲೆಂದು ತಮ್ಮ ಟಪಾಲನ್ನು ಅಲ್ಲಿಗೆ ಕಳುಹಿಸುವಂತೆ ಅಂಚೆ ಕಚೇರಿಗೆ ಬರೆದುಕೊಟ್ಟರು. ವಾಪಸು ಬಂದರು, ಮೊದಲಿನಂತೆ ನಡೆಯತೊಡಗಿದರು.

ಕಳೆದ ವರ್ಷ ಆಗಸ್ಟ್ ಮೊದಲ ವಾರ ತಮ್ಮ ಕಚೇರಿಯ ಕಾಗದ ಬಂತು. ಅಂಚೆ ವಿಳಾಸ ಬದಲಾದ ದಾಖಲೆಯ ಆಧಾರದ ಮೇಲೆ, ನೀವು ಇಲ್ಲಿ ವಾಸವಾಗಿಲ್ಲವೆಂದು ಈ ಕೌಂಟಿಯ ಒಬ್ಬ ಮತದಾರರು ಆಕ್ಷೇಪಣೆ ಸಲ್ಲಿಸಿದ್ದಾರೆ, ದಾಖಲೆಗಳೊಂದಿಗೆ ಹಾಜರಾಗಿ ಎಂದಿತ್ತು. ಆಂಟಿ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

“ಇಂದೂ, ನಾನೇನು ತಪ್ ಮಾಡ್ದೆ ಬೇಟಾ? ಸಿಟಿಜನ್‌ಶಿಪ್ ವಾಪಸ್ ತಗೋತಾರಾ?”

“ಇಲ್ಲ ಆಂಟಿ, ಬರೀ ಅಡ್ರೆಸ್ ಪ್ರಾಬ್ಲಮ್. ನಾನೇ ಡ್ರೈವ್ ಮಾಡ್ತೀನಿ, ಜೊತೇಲಿ ಹೋಗೋಣ,” ಎಂದೆ. ಧೈರ್ಯವಾಗಿಯೇ ಹೇಳಿದೆ. ಈ ರಾಜ್ಯದ ಕಾನೂನಿನಲ್ಲಿ ಒಬ್ಬ ಮತದಾರ ಎಷ್ಟು ಜನರ ಮೇಲಾದರೂ ಆಕ್ಷೇಪಣೆ ಹಾಕಬಹುದು ಎಂಬುದು ನನಗೆ ತಿಳಿದದ್ದು ಆ ರಾತ್ರಿ ಕೂತು ಓದಿದ ಮೇಲೆ.

ಮಂಗಳವಾರ ಆಂಟಿ ರೇಷ್ಮೆ ಸೀರೆ ಉಟ್ಟು ಬಂದರು. ಪಾಸ್‌ಪೋರ್ಟ್, ಪೌರತ್ವದ ಪ್ರಮಾಣಪತ್ರ, ಎರಡು ವರ್ಷದ ಕರೆಂಟ್ ಬಿಲ್ಲು, ಮಂಡಿಯ ಎಕ್ಸ್‌ರೇ ಎಲ್ಲವೂ ಒಂದು ಚೀಲದಲ್ಲಿದ್ದವು. ಪಟ್ಟಿಯಲ್ಲಿದ್ದ ನೂರ ನಲವತ್ತೊಂದು ಜನರಲ್ಲಿ ಬಂದವರು ಇಪ್ಪತ್ತಮೂರು. ನರ್ಸಿನ ಸಮವಸ್ತ್ರದಲ್ಲೇ ಬಂದ ಕಪ್ಪು ಹೆಂಗಸೊಬ್ಬರಿದ್ದರು. ವಿಳಾಸದಲ್ಲಿ ಅಪಾರ್ಟ್‌ಮೆಂಟ್ ಸಂಖ್ಯೆ ಬಿಟ್ಟುಹೋಗಿದ್ದ ಮೆಕ್ಸಿಕೋ ಮೂಲದ ಮುದುಕರೊಬ್ಬರಿದ್ದರು. ಒಬ್ಬೊಬ್ಬರೂ ಎದ್ದು ನಿಂತು, ತಾವು ತಮ್ಮ ಮನೆಯಲ್ಲೇ ಇದ್ದೇವೆಂದು ರುಜುವಾತು ಮಾಡಬೇಕಾಯಿತು. ಆಕ್ಷೇಪಣೆ ಹಾಕಿದವರು ಮಾತ್ರ ಏನನ್ನೂ ರುಜುವಾತು ಮಾಡಬೇಕಿರಲಿಲ್ಲ. ಮೊದಲ ಸಾಲಿನಲ್ಲಿ ಕೂತಿದ್ದರೆ ಸಾಕಿತ್ತು. ಅವರನ್ನು ನಾನು ಹಿಂದಿನಿಂದಲೇ ಗುರುತಿಸಿದೆ. ಶೇಷಾದ್ರಿ ಅಂಕಲ್. ಭಾನುವಾರದ ಕನ್ನಡ ತರಗತಿಯಲ್ಲಿ ನನಗೆ ಅ ಆ ಇ ಈ ತಿದ್ದಿಸಿದವರು.

ಆಂಟಿಯ ಸರದಿ ಬಂತು. ಚೀಲದಿಂದ ಎಲ್ಲವನ್ನೂ ತೆಗೆದಿಟ್ಟರು, ಎಕ್ಸ್‌ರೇ ಕೂಡ. ತಮ್ಮ ಮಂಡಳಿಯ ಸದಸ್ಯರೊಬ್ಬರು ಅದನ್ನು ಬೆಳಕಿಗೆ ಹಿಡಿದು ನೋಡಿ ಮುಗುಳ್ನಕ್ಕರು. ಆಕ್ಷೇಪಣೆ ತಿರಸ್ಕೃತವಾಯಿತು. ಬಂದ ಇಪ್ಪತ್ತಮೂರು ಜನರೂ ಗೆದ್ದರು. ಮಾನ್ಯರೇ, ಬಂದವರಲ್ಲಿ ಒಬ್ಬರ ಮೇಲೂ ಆಕ್ಷೇಪಣೆ ನಿಲ್ಲಲಿಲ್ಲ ಎಂದಮೇಲೆ ಬಾರದವರ ಬಗ್ಗೆ ತಮಗೆ ಒಂದಿಷ್ಟಾದರೂ ಅನುಮಾನ ಹುಟ್ಟಬೇಡವೇ? ಹುಟ್ಟಲಿಲ್ಲ. ಒಬ್ಬರು ಸೂಚಿಸಿದರು, ಒಬ್ಬರು ಅನುಮೋದಿಸಿದರು, ಉಳಿದವರು ಕೈಯೆತ್ತಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ಸಾರ್ವಜನಿಕರು ಎರಡು ನಿಮಿಷ ಮಾತಾಡಬಹುದು ಎಂದು ತಾವು ಕರೆದಾಗ ನಾನು ಎದ್ದೇಳಲಿಲ್ಲ. ನಮ್ಮ ಆಂಟಿಯ ಕೆಲಸ ಆಗಿತ್ತಲ್ಲ.

ಹೊರಗೆ ಮೊಗಸಾಲೆಯಲ್ಲಿ ಶೇಷಾದ್ರಿ ಅಂಕಲ್ ತಾವಾಗಿಯೇ ಬಂದು ಮಾತಾಡಿಸಿದರು. “ಜೈನಬ್ ಅವ್ರೇ, ಪರ್ಸನಲ್ ಆಗಿ ತಗೋಬೇಡಿ. ನಮ್ಮ ಗ್ರೂಪಿನವ್ರು ಎಕ್ಸೆಲ್ ಶೀಟ್ ಕಳ್ಸಿದ್ರು, ನಾನು ಸೈನ್ ಮಾಡ್ದೆ. ಹೆಸರುಗಳನ್ನ ನೋಡ್ಲೇ ಇಲ್ಲ.”

ಆಂಟಿ ತಲೆಯಾಡಿಸಿ ಬೆಂಚಿನ ಮೇಲೆ ಕೂತರು. ನಾನು ಸುಮ್ಮನಿರಲಾರದೆ, “ಅಂಕಲ್, ಟಪಾಲ್ ಫಾರ್ವರ್ಡ್ ಮಾಡಿಸಿದ್ರೆ ಊರು ಬಿಟ್ಟಂಗಾ? ನಾನೂ ಮಾಡಿಸಿದೀನಿ. ಎರಡು ವರ್ಷ ಆಯ್ತು ಅಪಾರ್ಟ್‌ಮೆಂಟಿಗೆ ಮೂವ್ ಆಗಿ. ಓಟರ್ ಲಿಸ್ಟಲ್ಲಿ ಇನ್ನೂ ಅಮ್ಮನ ಮನೆ ಅಡ್ರೆಸ್ಸೇ ಇದೆ. ನನ್ನ ಹೆಸರು ಯಾಕೆ ಬರ್ಲಿಲ್ಲ?” ಎಂದೆ.

ಅವರು ಧ್ವನಿ ತಗ್ಗಿಸಿ ನನ್ನ ಭುಜ ತಟ್ಟಿದರು. “ಬಂದಿತ್ತು ಕಣಮ್ಮ. ನಾನೇ ಡಿಲೀಟ್ ಮಾಡ್ದೆ. ನೀನು ನಮ್ಮ ಹುಡುಗಿ ಅಲ್ವಾ?”

ಆ ಮಾತಿನಲ್ಲಿ ದ್ವೇಷವಿರಲಿಲ್ಲ. ಪ್ರೀತಿಯೇ ಇತ್ತು. ಅದಕ್ಕೇ ನನಗೆ ಭಯವಾಯಿತು. ಹೆಸರುಗಳನ್ನು ನೋಡಲೇ ಇಲ್ಲವೆಂದವರು ಒಂದೊಂದನ್ನೂ ನೋಡಿದ್ದರು. ಆ ಪಟ್ಟಿಯಲ್ಲಿ ನಿಜವಾಗಿಯೂ ಮನೆ ಬದಲಿಸಿದ್ದವಳು ನಾನು, ಆಂಟಿಯಲ್ಲ. ನಾನು ಹಕ್ಕು ಎಂದುಕೊಂಡಿದ್ದದ್ದು ಒಬ್ಬ ಹಿರಿಯರು ಒಂದು ಗುಂಡಿ ಒತ್ತಿ ಮಾಡಿದ ಉಪಕಾರವಾಗಿತ್ತು. ನಾಳೆ ಅವರಿಗೆ ನಾನು ‘ನಮ್ಮ ಹುಡುಗಿ’ ಅನ್ನಿಸದಿದ್ದರೆ? ಅವರ ಹೆಸರನ್ನೇ ಇನ್ನೊಬ್ಬರ ಶೀಟು ಹಿಡಿದುಕೊಂಡರೆ, ಅಳಿಸಲು ಅಲ್ಲಿ ಅವರಿಗೆ ಯಾರಿದ್ದಾರೆ? ಅದನ್ನು ಅವರನ್ನೇ ಕೇಳಿದೆ. “ನೀವು ಹುಡುಗರು ಎಲ್ಲಾನೂ ಎಕ್ಸಾಜರೇಟ್ ಮಾಡ್ತೀರಾ,” ಎಂದು ಕಾರಿನತ್ತ ನಡೆದರು.

ಮಾರನೆಯ ದಿನ ನಾನು ತಮ್ಮ ಜಾಲತಾಣದಲ್ಲಿ ವಿಳಾಸ ಬದಲಿಸಿಕೊಂಡೆ. ನಾಲ್ಕು ನಿಮಿಷ ಹಿಡಿಯಿತು. ಯಾರೂ ನನ್ನ ಎಕ್ಸ್‌ರೇ ಕೇಳಲಿಲ್ಲ.

ಅಕ್ಟೋಬರಿನಲ್ಲಿ, ಚುನಾವಣೆಯ ಮುಂಗಡ ಮತದಾನ ಶುರುವಾದ ದಿನ, ಆಂಟಿಯನ್ನು ಕರೆದೊಯ್ಯಲು ಹೋದೆ. ಬಷೀರ್ ಅಂಕಲ್ ಬಾಗಿಲು ತೆರೆದು ಅಡುಗೆಮನೆಯತ್ತ ಕೈ ತೋರಿಸಿದರು. ಆಂಟಿ ಹುರುಳಿಕಾಯಿ ಹೆಚ್ಚುತ್ತಿದ್ದರು. ತಮ್ಮ ಹೆಸರನ್ನು ಪಟ್ಟಿಯಿಂದ ತೆಗೆಯಿರೆಂದು ಆಂಟಿಯೇ ನೋಂದಣಿ ಕಚೇರಿಗೆ ಬರೆದುಕೊಟ್ಟಿದ್ದಾರೆಂದು ಆಗ ತಿಳಿಯಿತು.

“ಗೆದ್ರಲ್ಲಾ ಆಂಟಿ! ಯಾಕೆ ಹೀಗ್ ಮಾಡಿದ್ರಿ?”

“ಗೆದ್ದೆ ಬೇಟಾ. ಗೆಲ್ಲೋಕೆ ಏನೇನ್ ಕೊಟ್ಟೆ ನೋಡು. ನನ್ನ ಪಾಸ್‌ಪೋರ್ಟ್ ಕಾಪಿ, ನಾಯಿಲಾ ಮನೆ ಅಡ್ರೆಸ್, ಎಲ್ಲಾ ಅವರ ಫೈಲಲ್ಲಿ ಇದೆ. ಈ ಸಲ ಓಟಿಗೆ ಅಂತ ಪಟ್ಟಿ ಮಾಡಿದ್ರು. ಮುಂದಿನ ಪಟ್ಟಿ ಯಾವುದಕ್ಕೆ ಅಂತ ಯಾರಿಗೆ ಗೊತ್ತು? ಒಂದು ಪಟ್ಟಿಯಿಂದಾದ್ರೂ ನಾನು ಹೊರಗಿರ್ತೀನಿ.”

ನಾನು ಮುಕ್ಕಾಲು ಗಂಟೆ ವಾದಿಸಿದೆ. ಕಾಲೇಜಿನಲ್ಲಿ ಕಲಿತದ್ದೆಲ್ಲ ಹೇಳಿದೆ. ಅವರು ಹುರುಳಿಕಾಯಿ ಮುಗಿಸಿ ಕೈ ತೊಳೆದು, ನನಗೆ ಟೀ ಕೊಟ್ಟರು. ನಾನು ಒಬ್ಬಳೇ ಹೋಗಿ ಮತ ಹಾಕಿ ಬಂದೆ.

ಅದಾಗಿ ಒಂದು ವರ್ಷವಾಗುತ್ತ ಬಂತು. ಬಷೀರ್ ಅಂಕಲ್ ಈಗ ಪಕ್ಕದ ನಾರ್‌ಕ್ರಾಸ್‌ಗೆ ದಿನಸಿ ತರಲು ಹೋಗುವಾಗಲೂ, ದಾರಿಯಲ್ಲಿ ತಡೆದು ಪೌರತ್ವದ ಪುರಾವೆ ಕೇಳಿಯಾರೆಂದು, ಪಾಸ್‌ಪೋರ್ಟನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಬೇಸಿಗೆಯಲ್ಲಿ ನನ್ನ ಅಪ್ಪನೂ ಶುರು ಮಾಡಿದರು. ಆಂಟಿಯದು ಅತಿರೇಕವೆಂದು ಕಳೆದ ವರ್ಷ ಹೇಳಿದ ನನಗೆ ಈಗ ಆ ಮಾತು ಹೇಳಲು ನಾಲಗೆ ಏಳುವುದಿಲ್ಲ. ಮುಂದಿನ ಚುನಾವಣೆಗೆ ಹೊಸ ಪಟ್ಟಿಯೊಂದು ಸಿದ್ಧವಾಗುತ್ತಿದೆ, ಈ ಸಲದ್ದು ಸಾವಿರ ದಾಟುತ್ತದೆ ಎಂದು ಶೇಷಾದ್ರಿ ಅಂಕಲ್ ಕಳೆದ ತಿಂಗಳು ನಮ್ಮವರೆಲ್ಲ ಅಡುಗೆ ತಂದು ಹಂಚಿಕೊಂಡ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತ ಯಾರಿಗೋ ಹೇಳುತ್ತಿದ್ದರು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಆ ನೂರ ಹದಿನೆಂಟು ಜನರ ಮನೆಗೆ ತಮ್ಮ ಕಚೇರಿಯಿಂದ ಯಾರಾದರೂ ಹೋಗಿ ಬಾಗಿಲು ತಟ್ಟಲಿ. ಇದ್ದವರ ಹೆಸರು ಅಂದೇ ಪಟ್ಟಿಗೆ ಮರಳಲಿ. ಇನ್ನು ಮುಂದೆ ವಿಚಾರಣೆ ದುಡಿಯುವವರು ಬರಬಹುದಾದ ಹೊತ್ತಿನಲ್ಲಿ ನಡೆಯಲಿ. ಆಕ್ಷೇಪಣೆ ಹಾಕುವವರು ಯಾರ ಹೆಸರನ್ನು ಸೇರಿಸಿದರು ಎಂಬುದರ ಜೊತೆಗೆ ಯಾರ ಹೆಸರನ್ನು ಅಳಿಸಿದರು ಎಂದೂ ಪ್ರಮಾಣ ಮಾಡಿ ಹೇಳಲಿ. ಇಷ್ಟೂ ಆಗುವವರೆಗೆ ತಮ್ಮ ಪ್ರತಿಯೊಂದು ಸಭೆಯಲ್ಲೂ ನನ್ನ ಎರಡು ನಿಮಿಷಗಳನ್ನು ನಾನು ಎದ್ದು ನಿಂತು ಬಳಸುತ್ತೇನೆ. ಮೊದಲ ಸಲ ಬಳಸದೆ ಬಿಟ್ಟದ್ದಕ್ಕೆ ಕ್ಷಮೆ ಕೇಳಬೇಕಾದದ್ದು ತಮ್ಮನ್ನಲ್ಲ.

ಇಂತಿ,
ಯಾರದೋ ದಯೆಯಿಂದ ಈಗಲೂ ತಮ್ಮ ಮತದಾರಳಾಗಿ ಉಳಿದಿರುವ
ಇಂದು