ನಿನ್ನ ಆಟದ ದಂಡನಾಯಕಿಯ ತಪ್ಪುಗಳು

ಬಿ.ಜಿ. ಕೆರೆ,
ಮೊಳಕಾಲ್ಮೂರು ತಾಲ್ಲೂಕು.
11 ಜೂನ್ 2025, ಬುಧವಾರ, ಕಾರಹುಣ್ಣಿಮೆ

ಮಗನೇ ಮುತ್ತುರಾಜ,

ನಿಮ್ಮಪ್ಪ ಮುದ್ದಪ್ಪ ಮಾಡುವ ಆಶೀರ್ವಾದ. ಹೆಂಗಿದೀಯ? ಹುಬ್ಬಳ್ಳೀಲಿ ಮಳೆ ಹಿಡಿದೈತೆ ಅಂತ ಟಿ.ವಿ.ಯಲ್ಲಿ ತೋರಿಸಿದ್ರು. ಸಣ್ಣವನಿದ್ದಾಗ್ಲಿಂದ ಮೊದಲನೇ ಮಳೆಗೆ ನಿನಗೆ ಕೆಮ್ಮು ಬರ್ತಿತ್ತು, ಈಗ್ಲೂ ಬರ್ತದೋ ಏನೋ. ಮೊಬೈಲ್ ರಿಪೇರಿ ಅಂಗಡೀಲಿ ದಿನಾ ಬಗ್ಗಿ ಕೂರೋ ಕೆಲಸ, ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡು. ನಿಮ್ಮವ್ವಂಗೆ ಮೊಣಕಾಲು ನೋವು ಬಿಟ್ಟರೆ ಬೇರೆ ಏನೂ ಇಲ್ಲ. ಬೆಳಿಗ್ಗೆ ಹೋಳಿಗೆ ಮಾಡಿದ್ಲು, ನಿನ್ನ ಪಾಲಿಂದು ಅಂತ ಎರಡು ಎತ್ತಿಟ್ಟು, ಆಮೇಲೆ ತಾನೇ ಬೈಕೊಂಡು ನನ್ನ ತಟ್ಟೆಗೆ ಹಾಕಿದ್ಲು. ನಾನೂ ಇದೀನಿ. ಮೂವತ್ತಾರು ಕುರಿ ಉಳಿದವೆ. ಅವನ್ನ ಮೇಯಿಸಿಕೊಂಡು ಬರೋಷ್ಟರಲ್ಲಿ ಮೈಯೆಲ್ಲಾ ಸೋತು ಹೋಗ್ತದೆ. ಫೋನ್ ಮಾಡಿದ್ರೆ ನೀನು ಎತ್ತಲ್ಲ, ಅದಕ್ಕೆ ಕಾಗದ ಹಿಡಿದೆ. ಅರ್ಜಿ ಬರೆದೂ ಬರೆದೂ ಪಳಗಿದ ಕೈ, ಇದೂ ಅರ್ಜಿ ಥರ ಕಂಡ್ರೆ ಬೇಜಾರು ಮಾಡ್ಕೋಬೇಡ.

ನಿಮ್ಮಕ್ಕ ಕಾಂಚನಾ ಯುಗಾದಿಗೆ ಬಂದಾಗ ಅವ್ವನ ಫೋನಲ್ಲಿ ನಿನ್ನ ಚಾನೆಲ್ ಹಾಕಿಕೊಟ್ಟು ಹೋದ್ಲು. ನೀನು ಆಟ ಆಡ್ಕೊಂತ ಮಾತಾಡೋದನ್ನ ಸಾವಿರಾರು ಜನ ನೋಡ್ತಾರಂತೆ. ಅವರಲ್ಲಿ ನಿಮ್ಮವ್ವನೂ ಒಬ್ಬಳು ಅಂತ ನಿನಗೆ ಗೊತ್ತಿರಲ್ಲ. ಆಟದ ತಲೆಬುಡ ಅವಳಿಗೆ ತಿಳಿಯಲ್ಲ. ಸೊಪ್ಪು ಬಿಡಿಸ್ಕೊಂತ ಫೋನನ್ನ ಗೋಡೆಗೆ ಒರಗಿಸಿ, ‘ಯಾರನ್ನ ಬೈತಾನೋ, ಗಂಟಲು ಕಟ್ಟೈತೆ ನೋಡ್ರಿ’ ಅಂತಾಳೆ. ನಾನು ಆ ಕಡೆ ಸುಳೀತಿರಲಿಲ್ಲ. ಹೋದ ಭಾನುವಾರ ಕುರಿಗೆ ಔಷಧಿ ಕುಡಿಸಿ ಬಂದು ಕಂಬಕ್ಕೆ ಒರಗಿ ಕೂತಿದ್ದೆ, ನಿನ್ನ ದನಿ ಕೇಳ್ತು. ಎದ್ದು ಹೋಗೋಕೆ ಆಗಲಿಲ್ಲ.

ಮಂಜಿನ ಬೆಟ್ಟ, ರೆಕ್ಕೆ ಇರೋ ಕುದುರೆ, ತಲೆ ಮೇಲೆ ಕೊಂಬಿರೋ ಸಿಪಾಯಿಗಳು. ಮೊದಮೊದಲು ನಗು ಬಂತು. ಕರೀ ಚಕ್ರವರ್ತಿ ಒಬ್ಬ ಕಣಿವೆ ಜನರ ಭೂಮಿ ಕಿತ್ಕೊಂಡಿದಾನೆ, ಅವನ ಮೇಲೆ ದಂಗೆ ಎದ್ದವಳು ಅಲ್ದೀರಾ ಅನ್ನೋ ದಂಡನಾಯಕಿ. ನಿಮ್ಮವ್ವ ಅವಳನ್ನ ಅಳ್ದೀರಮ್ಮ ಅಂತಾಳೆ. ಚಕ್ರವರ್ತಿ ಕಡೆಯವನು ಬಂದು, ಅರ್ಧ ಕಣಿವೆ ನಿಮಗೆ, ಹೊಳೆಗೆ ದಾರೀನೂ ಬಿಡ್ತೀವಿ ಅಂತ ಕಾಗದ ಕೊಡ್ತಾನೆ. ಅವಳು ಅದನ್ನ ಯಾರಿಗೂ ತೋರಿಸದೆ ಬೆಂಕಿಗೆ ಹಾಕಿ, ಚಳಿಗಾಲದಲ್ಲಿ ಮುದುಕರು ಮಕ್ಕಳು ಸಮೇತ ಎಲ್ಲರನ್ನೂ ಹಿಮದ ಬೆಟ್ಟ ಹತ್ತಿಸ್ತಾಳೆ. ಮುಂದೆ ದಾರಿ ಐತೋ ಇಲ್ಲವೋ ನೋಡಿಸಲ್ಲ. ಅರ್ಧ ಜನ ಅಲ್ಲೇ ಉಳೀತಾರೆ. ನೀನು ಅಂದೆ, ‘ಲೇ ಗುರೂ, ಈಯಮ್ಮಂಗೆ ತಲೆ ಐತಾ? ಒಬ್ಬನ್ನ ಮುಂದೆ ಕಳಿಸಿ ನೋಡ್ಸೋಕೆ ಏನು ರೋಗ?’ ಆಮೇಲೆ, ‘ಈಯಮ್ಮ ವಾಸಿ ಕಣ್ರೋ, ಸುಟ್ಟಾಕಿದ್ಲು. ನಮ್ಮೂರಲ್ಲೊಬ್ಬ ಲೀಡರ್ ಇದ್ದ, ಟ್ರಂಕಲ್ಲಿ ಬೀಗ ಹಾಕಿ ಇಟ್ಕೊಂಡಿದ್ದ’ ಅಂದೆ.

ನಿಮ್ಮವ್ವ ಸೊಪ್ಪು ಬಿಡಿಸೋದು ನಿಲ್ಲಿಸಲಿಲ್ಲ. ತಲೆ ಮಾತ್ರ ಎತ್ತಲಿಲ್ಲ.

ನೀನು ಹೇಳಿದ್ದು ಸುಳ್ಳಲ್ಲ, ಮಗನೇ. ಹನ್ನೆರಡು ವರ್ಷದ ಹಿಂದೆ ನಮ್ಮ ಕುರಿ ಮೇಯೋ ಹಿರೇಮರಡಿ ಕಾವಲಿಗೆ ಕಂಪನಿಯವರು ಬೇಲಿ ಹಾಕಿದಾಗ ತೊಂಬತ್ತು ಮನೆಯವರು ನನ್ನನ್ನ ಮುಂದೆ ಮಾಡಿದ್ರು. ಏಳನೇ ಕ್ಲಾಸು ಓದಿದವನು, ಅರ್ಜಿ ಬರೀತಾನೆ, ಗಂಟಲೈತೆ ಅಂತ. ಹಾರ ಹಾಕಿದ್ರು. ಕಾವಲಿನ ಒಂದು ಎಕರೇನೂ ಬಿಡಲ್ಲ ಅಂತ ಕೂಗಿದೆ, ಕುರಿಗಳೂ ಬೆದರಿದ್ವು ಅಂತ ಆಮೇಲೆ ನನ್ನ ಜೊತೆಗೆ ನಿಂತಿದ್ದ ಜಯಣ್ಣ ತಮಾಷೆ ಮಾಡ್ತಿದ್ದ. ಅದಾದ ವಾರಕ್ಕೆ ಕಂಪನಿಯ ಆಫೀಸರು ನನ್ನೊಬ್ಬನ್ನೇ ಕರೆದು ಕುರ್ಚಿ ಹಾಕಿ ಟೀ ಕೊಟ್ಟು ಕಾಗದ ಮುಂದಿಟ್ಟ. ಮೂರರಲ್ಲಿ ಒಂದು ಪಾಲು ಹುಲ್ಲು ನಮಗೆ, ಕೆರೆಗೆ ಅರವತ್ತು ಅಡಿ ದಾರಿ. ‘ನೀವು ಹ್ಞೂಂ ಅಂದ್ರೆ ಎಲ್ಲರೂ ಅಂತಾರೆ’ ಅಂದ. ಕಾಗದ ಮಡಚಿ ಜೇಬಿಗಿಟ್ಟು, ಆಗಲ್ಲ ಅಂತ ಹೇಳಿ ಎದ್ದು ಬಂದೆ. ಊರಿಗೆ ಬಂದು, ಅವರು ಏನೂ ಕೊಡಲ್ಲ ಅಂತಾರೆ ಅಂದೆ. ಆ ಸುಳ್ಳನ್ನ ಯಾಕೆ ಹೇಳಿದೆ ಅಂತ ನನ್ನನ್ನ ನಾನು ಬಹಳ ಸಲ ಕೇಳ್ಕೊಂಡಿದೀನಿ. ಎಲ್ಲಾ ಬೇಕು ಅಂತ ಕೂಗಿದ ಬಾಯಲ್ಲಿ ಮೂರನೇ ಒಂದು ಪಾಲು ಅನ್ನೋಕೆ ನಾಚಿಕೆ ಆಯ್ತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ರೂ ಸಿಗಲಿಲ್ಲ.

ಆಮೇಲಿಂದು ನೀನೇ ಕಂಡಿದೀಯ. ಮೇ ತಿಂಗಳ ಬಿಸಿಲಲ್ಲಿ ಎರಡು ಸಾವಿರ ಕುರಿ ಹೊಡ್ಕೊಂಡು ಚಳ್ಳಕೆರೆಗೆ ಹೊರಟ್ವಿ, ನೀನೂ ಜೊತೇಲಿದ್ದೆ. ಕಾವಲು ಆ ತಾಲ್ಲೂಕಿಗೆ ಸೇರಿದ್ದು, ಅಲ್ಲಿನ ತಾಲ್ಲೂಕು ಕಚೇರಿ ಮುಂದೆ ಕುರಿ ಸಮೇತ ಕೂರೋಣ ಅಂತ. ದಾರೀಲಿ ಒಂದು ಕಟ್ಟೆ ಐತೆ, ಅಲ್ಲಿ ನೀರು ಕುಡಿಸೋದು ಅಂತ ನನ್ನ ಲೆಕ್ಕ. ಜಯಣ್ಣ ಹಿಂದಿನ ದಿನ ಸೈಕಲ್ ತಗೊಂಡು ಬಂದು, ‘ಮುದ್ದಣ್ಣ, ಒಂದ್ಸಲ ಹೋಗಿ ಕಟ್ಟೆ ನೋಡ್ಕೊಂಡು ಬರ್ತೀನಿ’ ಅಂದ. ‘ನನಗೆ ಗೊತ್ತಿಲ್ಲದ ಕಟ್ಟೇನಾ?’ ಅಂತ ರೇಗಿದೆ. ಹೋಗಿ ನೋಡಿದ್ರೆ ಕಟ್ಟೇಲಿ ಬಿರುಕು ಬಿಟ್ಟ ಮಣ್ಣು. ಅಲ್ಲಿಂದ್ಲಾದ್ರೂ ತಿರುಗಬಹುದಿತ್ತು. ನಡೀರಿ ಅಂದೆ. ನೂರ ನಲವತ್ತು ಕುರಿ ರಸ್ತೆ ಬದೀಲಿ ಬಿದ್ವು. ಚಳ್ಳಕೆರೆ ಇನ್ನೇನು ಬಂತು ಅನ್ನೋವಾಗ, ಎಣ್ಣೆ ಮಿಲ್ಲಿನ ಕಾಂಪೌಂಡ್ ಹತ್ತಿರ ನಮ್ಮ ಜೊತೆ ನಡೀತಿದ್ದ ಚಿಕ್ಕೀರಪ್ಪ ನೀರಿಲ್ಲದೆ ಕುಸಿದ. ಮೂರನೇ ದಿನ ಆಸ್ಪತ್ರೇಲಿ ತೀರಿಹೋದ. ಆಫೀಸರು ಹುಲ್ಲಿನ ಪಾಲಿಂದು, ಕೆರೆ ದಾರೀದು ಮಾತನ್ನ ಮತ್ತೆ ಎತ್ತಲಿಲ್ಲ. ನಾಲ್ಕು ವರ್ಷ ಆದಮೇಲೆ ನೀನು ಟ್ರಂಕಲ್ಲಿ ಕಾಗದ ನೋಡ್ದೆ, ನನ್ನ ಮುಂದೆ ಹಿಡಿದು ‘ಏನಪ್ಪಾ ಇದು?’ ಅಂದೆ. ನಾನು ನಿನ್ನ ಕೆನ್ನೆಗೆ ಹೊಡೆದೆ. ಅದನ್ನೂ ನನ್ನ ತಪ್ಪುಗಳ ಜೊತೆಗೇ ಸೇರಿಸು.

ನೀನು ಅಲ್ದೀರಾಗೆ ಕೊಟ್ಟ ತೀರ್ಪಲ್ಲಿ ಒಂದು ಮಾತು ಮಾತ್ರ ಒಪ್ಪಲ್ಲ. ‘ಇವಳಿಗೆ ಜನ ಸತ್ರೂ ಅಷ್ಟೇ, ಬಿಟ್ರೂ ಅಷ್ಟೇ’ ಅಂದೆಯಲ್ಲ, ಅದು. ಬೆಟ್ಟ ಇಳಿದಮೇಲೆ ಅವಳು ಒಬ್ಬಳೇ ಕಲ್ಲಿನ ಮೇಲೆ ಕೂತಿರ್ತಾಳೆ, ನೀನು ಆ ಚಿತ್ರಾನ ಬೇಗ ದಾಟಿಸಿಬಿಟ್ಟೆ. ಅವಳಿಗೆ ಮೇಲೆ ಉಳಿದವರ ಒಬ್ಬೊಬ್ಬರ ಮುಖಾನೂ ಗೊತ್ತಿರ್ತದೆ. ಗೊತ್ತಿದ್ದೂ ತಪ್ಪು ಮಾಡ್ತಾರೆ ಜನ. ಇದು ಕ್ಷಮೆ ಕೇಳೋ ಮಾತಲ್ಲ, ಹಂಗೇ ಇರ್ತದೆ ಅಂತ ಹೇಳ್ದೆ.

ವೀಡಿಯೋ ನೋಡಿದ ಮಾರನೇ ದಿನ ಬೆಳಿಗ್ಗೆ ಆ ಕಾಗದ ಮಡಚಿ ಇಟ್ಕೊಂಡು ಚಿಕ್ಕೀರಪ್ಪನ ಹೆಂಡ್ತಿ ನಿಂಗಕ್ಕನ ಮನೆಗೆ ಹೋದೆ. ಅವನು ಹೋದಮೇಲೆ ಅವಳ ಮನೆ ಒಳಗೆ ನಾನು ಕಾಲಿಟ್ಟಿರಲಿಲ್ಲ. ಹಟ್ಟಿ ಗುಡಿಸ್ತಿದ್ಲು. ನಿಂತ್ಕೊಂಡೇ ಎಲ್ಲಾ ಹೇಳ್ದೆ, ಕಾಗದ ಚಾಚಿದೆ. ಅವಳು ಅದನ್ನ ಮುಟ್ಟಲಿಲ್ಲ. ‘ಗೊತ್ತು ಮುದ್ದಣ್ಣ. ಆ ಆಫೀಸಿನ ಡ್ರೈವರ್ ಅದೇ ವರ್ಷ ಹೇಳಿದ್ದ. ನೀನು ಇವತ್ತು ಬರ್ತೀಯ, ನಾಳೆ ಬರ್ತೀಯ ಅಂತ ನೋಡ್ದೆ. ಆಮೇಲೆ ನೋಡೋದು ಬಿಟ್ಟೆ’ ಅಂದ್ಲು. ಕೂತ್ಕೋ ಅನ್ನಲಿಲ್ಲ, ಹೋಗು ಅಂತಾನೂ ಅನ್ನಲಿಲ್ಲ. ಗುಡಿಸಿ ಮುಗಿಸಿ, ‘ಉಳಿದೋರಿಗೂ ಹೇಳು. ಒಬ್ಬೊಬ್ಬರ ಮನೆಗೂ ಹೋಗಿ ಹೇಳು. ಮೈಕ್ ಹಿಡಿದು ಹೇಳಬೇಡ’ ಅಂದ್ಲು.

ಅದನ್ನೇ ಮಾಡ್ತಿದೀನಿ. ಇವತ್ತಿಗೆ ಹನ್ನೊಂದು ಮನೆ ಆದ್ವು. ಒಂದು ಮನೇಲಿ ಬಾಗಿಲು ಹಾಕ್ಕೊಂಡ್ರು. ಒಂದು ಮನೇಲಿ ಮಜ್ಜಿಗೆ ಕೊಟ್ರು, ಅದು ಬಾಗಿಲು ಹಾಕಿದ್ದಕ್ಕಿಂತ ಕಷ್ಟ ಆಯ್ತು. ಜಯಣ್ಣ ಪೂರ್ತಿ ಕೇಳಿಸ್ಕೊಂಡು, ‘ಸೈಕಲ್ ಈಗ್ಲೂ ಐತೆ, ಮುದ್ದಣ್ಣ’ ಅಂದ. ಅವನು ನಗಲಿಲ್ಲ, ನಾನೂ ನಗಲಿಲ್ಲ. ಅವನೇ ಎಂಟು ವರ್ಷ ಕೋರ್ಟಿಗೆ ಅಲೆದು ಹೋದ ವರ್ಷ ಕೆರೆಗೆ ಇಪ್ಪತ್ತಡಿ ದಾರಿ ಬಿಡಿಸಿದ. ಅರವತ್ತು ಬರ್ತಿದ್ದ ಜಾಗದಲ್ಲಿ ಇಪ್ಪತ್ತು. ಬೇಲಿ ಒಳಗೆ ಹುಲ್ಲು ಸೊಂಟದುದ್ದ ಬೆಳೆದು ಒಣಗ್ತದೆ, ನಾವು ಹೊರಗಡೆ ಕೊಯ್ದ ಹೊಲ ಹುಡುಕ್ಕೊಂಡು ಕುರಿ ಹೊಡೀತೀವಿ. ದಿನಾ ಆ ಇಪ್ಪತ್ತಡೀಲೇ ನಡೀತೀನಿ. ದಣಿವಾಗ್ತದೆ ಕಣೋ. ವಯಸ್ಸಿಂದು ಅಂತ ನಿಮ್ಮವ್ವ ಅಂತಾಳೆ, ನಾನು ಹ್ಞೂಂ ಅಂತೀನಿ.

ನೀನು ಬಾ ಅಂತ ಕರೆಯೋ ಮುಖ ನನಗಿಲ್ಲ. ವೀಡಿಯೋನೂ ತೆಗೀಬೇಡ, ಹಂಗೇ ಇರ್ಲಿ. ಅವ್ವನ ಫೋನ್ ಆದ್ರೂ ಎತ್ತು. ಹೊತ್ತಿಗೆ ಸರಿಯಾಗಿ ಉಣ್ಣು, ಬಿಸಿನೀರು ಕುಡಿ. ಊರ ದೇವರು ನಿನ್ನ ಕಣ್ಣು, ಕೈ, ಗಂಟಲು ಮೂರನ್ನೂ ಚೆನ್ನಾಗಿಟ್ಟಿರ್ಲಿ. ನಿಮ್ಮವ್ವನೂ ಕಾಂಚನಾನೂ ನಿನ್ನ ಕೇಳಿದಾರೆ.

ಇಂತಿ,
ನಿಮ್ಮಪ್ಪ,
ಮುದ್ದಪ್ಪ

ಮರೆತಿದ್ದೆ, ಕವರ್ ಅಂಟಿಸೋ ಮುಂಚೆ ಬರೀತಿದೀನಿ. ಆ ವೀಡಿಯೋ ಕೊನೇಲಿ ಬೆಟ್ಟ ಹತ್ತಿದ್ದನ್ನ ಮತ್ತೆ ತೋರಿಸ್ತಾರೆ, ಹಿಮದಲ್ಲಿ ಒಬ್ಬ ಮುದುಕ ತನ್ನ ತೊಗಲು ಚೀಲದ ನೀರನ್ನ ಒಂದು ಮಗುವಿಗೆ ಕುಡಿಸ್ತಾನೆ. ಅಲ್ಲಿ ನಿನ್ನ ಮಾತು ನಿಂತ್ಹೋಯ್ತು, ಆಟಾನೂ ಆಫ್ ಮಾಡಿಬಿಟ್ಟೆ. ಯಾಕೆ ಅಂತ ನನಗೆ ಗೊತ್ತು. ಚಿಕ್ಕೀರಪ್ಪ ಹೋದಮೇಲೆ ನೀನು ಅವರ ಮನೆ ಮುಂದಿನ ದಾರಿ ಬಿಟ್ಟು ಕೆರೆ ಏರಿ ಸುತ್ತಿ ಸ್ಕೂಲಿಗೆ ಹೋಗ್ತಿದ್ದೆ. ಅವತ್ತು ದಾರೀಲಿ ಅವನ ಪಾಲಿನ ನೀರನ್ನ ನೀನು ಕುಡಿದೆ, ಅದಕ್ಕೇ ಅವನು ಹೋದ ಅಂತ ನಿನ್ನ ಮನಸ್ಸಲ್ಲಿ ಕೂತೈತೆ. ಕೇಳು. ಅವನಾಗೇ ಕೊಟ್ಟಿದ್ದಲ್ಲ. ನಾನೇ ಅವನ ಹತ್ತಿರ ಹೋಗಿ, ‘ಇದ್ದಬದ್ದ ನೀರೆಲ್ಲಾ ನನ್ನ ಮಗನಿಗೆ ಕೊಟ್ಟುಬಿಡು’ ಅಂತ ಹೇಳಿದ್ದೆ. ಲೀಡರ್ ಮಾತು, ಅವನು ಇಲ್ಲ ಅನ್ನಲಿಲ್ಲ. ನಿನಗೆ ಆಗ ಹದಿನೈದು ವರ್ಷ, ಕೊಟ್ಟಿದ್ದನ್ನ ಕುಡಿದೆ. ಇವತ್ತು ಮತ್ತೆ ಹೋಗಿ ನಿಂಗಕ್ಕಂಗೆ ಇದನ್ನೂ ಹೇಳ್ದೆ. ‘ಆ ಹುಡುಗಂಗೆ ಇದು ಗೊತ್ತಾ?’ ಅಂದ್ಲು. ಇಲ್ಲ ಅಂದೆ. ‘ಹಂಗಾದ್ರೆ ಮೊದಲು ಅವನಿಗೆ ಬರಿ, ಹೋಗು’ ಅಂದ್ಲು.