ಹನ್ನೆರಡು ಪಂಜರದ ಚೀಟಿಗಳು

ದೇಜೊನ್
ಗುರುವಾರ, ಅಕ್ಟೋಬರ್ 24, 2019

ಪ್ರೀತಿಯ ದೋಗನ್ ಅಣ್ಣನಿಗೆ,

ಸೋಮವಾರ ಆಸ್ಪತ್ರೆಯಲ್ಲಿ ನಿನಗೆ ಕೊಡಲಿರುವ ಮಾತ್ರೆಯ ಬಗ್ಗೆ ನಮ್ಮ ಪ್ರಯೋಗಾಲಯ ಸುಳ್ಳು ಹೇಳಿದೆ. ಆ ಔಷಧ ತಿಂದ ಇಲಿಗಳಲ್ಲಿ ಹನ್ನೆರಡನ್ನು ವರದಿಯಿಂದ ಅಳಿಸಲಾಗಿದೆ. ಮಾತ್ರೆ ನುಂಗಬೇಡ. ಉಳಿದದ್ದನ್ನು ನಿಧಾನವಾಗಿ ಓದಿದರೂ ಆದೀತು.

ಚುಸೋಕ್ ಹಬ್ಬಕ್ಕೆ ಬಂದು ಹೋದಮೇಲೆ ಒಂದು ಸಾಲೂ ಬರೆಯಲಿಲ್ಲ, ಕ್ಷಮಿಸು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ತಮಾಷೆ ಶುರುಮಾಡುತ್ತೀ, ನಾನು ನಕ್ಕುಬಿಡುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ತುರ್ತು ಅಂಚೆ. ನಿನ್ನ ಕೈ ಹೇಗಿದೆ? ಚಳಿ ಶುರುವಾಯಿತು, ಆ ಎರಡು ಬೆರಳಿಗೆ ಬಿಸಿ ತಿಳಿಯುವುದಿಲ್ಲ, ಒಲೆಯ ಹತ್ತಿರ ಜೋಪಾನ.

ಮೂರು ವರ್ಷದ ಹಿಂದೆ ಕಾರ್ಖಾನೆಯಲ್ಲಿ ತಗಡು ಒತ್ತುವ ಆ ಪ್ರೆಸ್ ಯಂತ್ರ ನಿನ್ನ ಬಲ ಮುಂಗೈ ನರವನ್ನು ಜಜ್ಜಿದಾಗ ಕಂಪನಿ ಅದನ್ನು ನಿನ್ನ ಅಜಾಗರೂಕತೆ ಎಂದಿತು. ಕೈ ಒಳಗಿದ್ದರೆ ಯಂತ್ರವನ್ನು ನಿಲ್ಲಿಸುವ ಸೆನ್ಸರ್‌ಗೆ ಟೇಪು ಸುತ್ತಿದ್ದವರು ಅವರೇ. ಆ ವಾರ ಗೇಟಿನ ಬಳಿ ಯಾರೋ ಹಂಚಿದ ಕರಪತ್ರವನ್ನು ನೀನು ಮಡಚಿ ಕಿಟಕಿಯ ಸಂದಿಗೆ ತುರುಕಿದ್ದೆ. ನಾನು ಅದನ್ನು ಬಿಡಿಸಿ ಓದಿದೆ, ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಒಂದರಲ್ಲಿದ್ದ ಸಾಲು ನನಗೆ ಬಾಯಿಪಾಠ: ಗಾಯವನ್ನು ಬರೆದಿಡದ ಕಾರ್ಖಾನೆ ಮುಂದಿನ ಗಾಯಕ್ಕೆ ಜಾಗ ಖಾಲಿ ಇಟ್ಟಿರುತ್ತದೆ. ಈ ಪ್ರಯೋಗಾಲಯಕ್ಕೆ ಸೇರಿದ್ದೂ ಅದೇ ಸಿಟ್ಟಿನಲ್ಲಿ. ನಿನ್ನ ನರ ತಾನಾಗಿ ಬೆಳೆಯದಿದ್ದರೆ ಬೆಳೆಸುವ ಮದ್ದನ್ನೇ ಹುಡುಕುತ್ತೇನೆ ಅಂದುಕೊಂಡೆ.

ಹುಡುಕಿದೆವು ಕೂಡ. ಮೂರು ಸಾವಿರ ಪುಟ್ಟ ಅಣುಗಳನ್ನು ಒಂದೊಂದಾಗಿ ಗಾಜಿನ ತಟ್ಟೆಯ ನರಕೋಶಗಳ ಮೇಲೆ ಹಾಕಿ ನೋಡಿದೆವು. ನೂರ ಹದಿನೇಳನೆಯದು ಹಾಕಿದ ಎರಡೇ ದಿನಕ್ಕೆ ಕೋಶಗಳು ಉದ್ದುದ್ದ ಎಳೆ ಚಾಚಿದವು. ಆಮೇಲೆ ಇಲಿಗಳು. ಕಾಲಿನ ನರವನ್ನು ಜಜ್ಜಿ, ಔಷಧ ತಿನ್ನಿಸಿ, ಪಾದಕ್ಕೆ ಮಸಿ ಹಚ್ಚಿ ಕಾಗದದ ಪಟ್ಟಿಯ ಮೇಲೆ ನಡೆಸುತ್ತೇವೆ. ನರ ಬೆಳೆದರೆ ಬೆರಳುಗಳು ಅಗಲವಾಗಿ ಮೂಡುತ್ತವೆ. ಬೆರಳಿನಿಂದ ಬೆರಳಿಗೆ ಅಳತೆ ತೆಗೆಯುವುದು ನನ್ನ ಕೆಲಸ. ನಲವತ್ತು ಇಲಿಗಳ ಹೆಜ್ಜೆ ಹೂವಿನಂತೆ ಬಿಡಿಸಿಕೊಂಡಿತ್ತು. ನಾನು ಆ ಪಟ್ಟಿಯನ್ನು ಚುಸೋಕ್ ದಿನ ನಿನಗೆ ತೋರಿಸಿದಾಗ ನೀನು ಏನಂದೆ ನೆನಪಿದೆಯೇ? "ನಿನ್ನ ಮಾತ್ರೆ ಕೆಲಸ ಮಾಡ್ಲಿ, ಮೊದಲು ನಿನ್ನ ತಲೆಗೊಂದು ಮೊಟಕ್ತೀನಿ. ಅದೂ ಬಲಗೈಲೇ."

ಇನ್ನು ಹನ್ನೆರಡು ಇಲಿಗಳಿಗೂ ನರ ಬೆಳೆಯಿತು. ಆದರೆ ಹಾದಿ ತಪ್ಪಿ, ಸಿಕ್ಕು ಸಿಕ್ಕಾಗಿ ಬೆಳೆಯಿತು. ಆ ನೋವು ಎಂಥದಿತ್ತೋ, ನಾಲ್ಕನೇ ವಾರ ಅವು ತಮ್ಮ ಕಾಲ್ಬೆರಳುಗಳನ್ನು ತಾವೇ ಕಡಿದುಕೊಂಡು ತಿಂದವು. ಬೆರಳಿಲ್ಲದ ಪಾದಕ್ಕೆ ಅಳತೆ ಇಲ್ಲ. ಅಳತೆ ಇಲ್ಲದ್ದು ಪಟ್ಟಿಯಲ್ಲಿ ಇಲ್ಲ. ವರದಿಯಲ್ಲಿರುವುದು ನಲವತ್ತೇ, ಆಸ್ಪತ್ರೆ ನಂಬಿರುವುದೂ ಅದನ್ನೇ.

ಪ್ರಯೋಗ ಮುಗಿದ ಇಲಿಗಳನ್ನೆಲ್ಲ ನಾವು ಕೊಂದುಬಿಡುತ್ತೇವೆ; ಹಾಗೆ ಸತ್ತ ಪ್ರಾಣಿಗಳ ಶಾಂತಿಪೂಜೆ ನಿನ್ನೆ ನಮ್ಮಲ್ಲಿ ಇತ್ತು. ವರ್ಷಕ್ಕೊಮ್ಮೆ ಕಟ್ಟಡದ ಹಿಂದಿನ ಕಲ್ಲಿನ ಮುಂದೆ ಸೇಬು, ಅಕ್ಕಿ ಕಡುಬು, ಒಂದು ಬಟ್ಟಲು ಇಲಿಯ ಕಾಳು ಇಟ್ಟು ಎಲ್ಲರೂ ತಲೆಬಾಗುತ್ತೇವೆ. ಪ್ರಾಣಿಗಳ ಕೋಣೆ ನೋಡಿಕೊಳ್ಳುವ ಬಾಂಗ್ ಮಾಮ ಸತ್ತ ಪ್ರತಿಯೊಂದರ ಸಂಖ್ಯೆ, ಕೊಟ್ಟ ಮದ್ದು, ಕೊನೆಯ ಸ್ಥಿತಿ ಬರೆದಿರುವ ಪಂಜರದ ಚೀಟಿಯನ್ನೂ ಎತ್ತಿಟ್ಟಿರುತ್ತಾರೆ. ಯಾವ ಕೆಲಸಕ್ಕೆ ಎಷ್ಟು ಜೀವ ಹೋಯಿತು ಎಂದು ಗಟ್ಟಿಯಾಗಿ ಓದಿ, ಆಮೇಲೆ ಸುಡುತ್ತಾರೆ. ನಮ್ಮ ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್ ಪ್ಯೋ ಕರಿ ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲಿದ್ದರು. ಮಾಮ ಓದಿದರು: "ನೂರ ಹದಿನೇಳು. ಐವತ್ತೆರಡು."

ಯಾರೂ ಕತ್ತೆತ್ತಲಿಲ್ಲ. ಪ್ರತಿ ವರ್ಷ ಎಲ್ಲರೂ ಆ ಸಂಖ್ಯೆಗಳನ್ನು ಮಂತ್ರದಂತೆ ಕೇಳಿ ಮರೆಯುತ್ತಾರೆ. ನಾನು ಮಾತ್ರ ಅದರಿಂದ ವರದಿಯ ನಲವತ್ತನ್ನು ಕಳೆದೆ.

ಬೆಂಕಿಗೆ ಹಾಕುವ ಮೊದಲೇ ಓಡಿಹೋಗಿ ಹನ್ನೆರಡು ಚೀಟಿಗಳನ್ನು ಕೇಳಿದೆ. ಮಾಮ ಕೊಡಲಿಲ್ಲ. "ಇವನ್ನ ಸುಡದಿದ್ರೆ ಅವು ಹೋಗಲ್ಲ ಕಣಮ್ಮ," ಎಂದರು.

"ಹೋಗೋದು ಬೇಡ ಮಾಮ. ಇನ್ನೂ ಸಾಕ್ಷಿ ಹೇಳೋದಿದೆ."

ಅವರು ಚೀಟಿಗಳನ್ನು ಎಣಿಸಿ ಕೈಗಿಟ್ಟರು. ಸಭೆ ಮುಗಿದ ಮೇಲೆ ಕಡುಬಿನ ತಟ್ಟೆ ಹಿಡಿದಿದ್ದ ಪ್ರೊಫೆಸರ್ ಬಳಿ ಹೋಗಿ ವರದಿ ತಿದ್ದೋಣ ಎಂದೆ. ಅವರು ಸಿಟ್ಟಾಗಲಿಲ್ಲ, ಅದೇ ಹೆದರಿಕೆ. "ನೋಡು ಯೆರಿಮ್, ಅಳೆಯೋಕಾಗದ್ದು ಲೆಕ್ಕಕ್ಕೆ ಬರಲ್ಲ. ಮೊದಲನೇ ಮಾತ್ರೆ ನಿಮ್ಮಣ್ಣಂಗೇ ತಾನೆ? ಅವನಿಗಿಲ್ಲದ ಅನುಮಾನ ನಿನಗ್ಯಾಕೆ?" ಎಂದರು. ಡಿಸೆಂಬರಿಗೆ ನನ್ನ ಒಪ್ಪಂದ ಮುಗಿಯುವುದನ್ನೂ ನೆನಪಿಸಿದರು, ಕಡುಬು ತಿನ್ನು ಎಂದೂ ಹೇಳಿದರು.

ನಾಳೆ ಮಧ್ಯಾಹ್ನ ಎರಡಕ್ಕೆ ಆಸ್ಪತ್ರೆಯ ಪರಿಶೀಲನಾ ಸಮಿತಿಯ ಮುಂದೆ ಚೀಟಿಗಳನ್ನು ಇಡುತ್ತೇನೆ. ಅವರು ನಂಬುತ್ತಾರೋ ಇಲ್ಲವೋ ಗೊತ್ತಿಲ್ಲ. ಪ್ರಯೋಗ ನಿಲ್ಲದಿದ್ದರೂ ನೀನು ನಿಲ್ಲು. ಚೀಟಿಗಳ ನಕಲು ಇದರ ಜೊತೆಗಿದೆ. ನಿನ್ನ ನಂತರ ಇನ್ನೂ ಹನ್ನೊಂದು ಜನರ ಹೆಸರಿದೆ, ಅವರಿಗೆ ಇಂಥ ಪತ್ರ ಬರೆಯಲು ತಂಗಿಯರಿಲ್ಲ. ಔಷಧ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅರ್ಧ ತಿಳಿದದ್ದನ್ನು ಪೂರ್ತಿ ಎಂದು ನುಂಗಿಸುವುದು ಕೆಟ್ಟದ್ದು.

ಹೊತ್ತುಹೊತ್ತಿಗೆ ಊಟ ಮಾಡು. ನಿನ್ನ ಕೈಗೆ ಯಾವ ಹೊಸ ನೋವೂ ತಾಗದಿರಲಿ, ಬರುವ ಮದ್ದು ನಿಜವನ್ನು ಹೊತ್ತೇ ಬರಲಿ.

ನಿನ್ನ ತಂಗಿ,
ಯೆರಿಮ್

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಹನ್ನೆರಡನ್ನು ಅಳಿಸಿದವರು ಯಾರು ಎಂದು ಮೇಲೆ ನಾನು ಬರೆಯಲಿಲ್ಲ. ನಾನೇ, ಅಣ್ಣ. ಏಪ್ರಿಲ್‌ನಲ್ಲಿ ಆ ಪಾದಗಳನ್ನು ಕೈಯಲ್ಲಿ ಹಿಡಿದು ನೋಡಿ, ಒಂದೊಂದರ ಮುಂದೆ "ಅಳತೆಗೆ ಸಿಗಲಿಲ್ಲ" ಎಂದು ಬರೆದು ಸಾಲು ಹೊಡೆದೆ. ಯಾರೂ ಹೇಳಿರಲಿಲ್ಲ. ಪ್ರೊಫೆಸರ್ ಆಮೇಲೆ ನೋಡಿ ಸುಮ್ಮನಾದರು, ಅಷ್ಟೆ. ನೀನು ಚಾಪ್‌ಸ್ಟಿಕ್ ಹಿಡಿದು ತಿನ್ನುವುದನ್ನು ನೋಡುವ ಆಸೆಗೆ ನಾನು ಕಣ್ಣು ಮುಚ್ಚಿದೆ, ಆಮೇಲೆ ನಿನ್ನ ಹೆಸರನ್ನು ಮೊದಲನೆಯದಾಗಿ ಬರೆಸಿದೆ. ನಿನಗಿಂತ ಮುಂಚೆ ಅದೇ ಪ್ರೆಸ್ಸಿನಲ್ಲಿ ಒಬ್ಬನ ಬೆರಳು ಹೋಗಿದ್ದಾಗ ಮೇಸ್ತ್ರಿ ದಾಖಲೆಯಲ್ಲಿ "ರಜೆ" ಎಂದು ಬರೆದಿದ್ದನಲ್ಲ, ಅವನನ್ನು ಮೂರು ವರ್ಷ ಶಪಿಸಿದ್ದೇನೆ. ನಾನು ಮಾಡಿದ್ದೂ ಅದನ್ನೇ. ಇದನ್ನೂ ನಾಳೆ ಸಮಿತಿಗೆ ಹೇಳುತ್ತೇನೆ. ನಿನ್ನ ಮುಂದೆ ಮಾತ್ರ ಕಾಗದದಲ್ಲಿ ಹೇಳಿ ತಪ್ಪಿಸಿಕೊಳ್ಳಲಾರೆ. ಮೊಟಕುವುದಿದ್ದರೆ ಎಡಗೈಯಲ್ಲೇ ಮೊಟಕು. ಭಾನುವಾರ, ಅಕ್ಟೋಬರ್ 27, ಬೆಳಿಗ್ಗೆ ಹತ್ತು ಗಂಟೆಗೆ, ದೇಜೊನ್ ನಿಲ್ದಾಣದಲ್ಲಿ ನಿಂತು ತಿನ್ನುವ ನೂಡಲ್ಸ್ ಅಂಗಡಿಯ ಮುಂದೆ ಇರುತ್ತೇನೆ.