ಎಂಜಿನ್ ಮನೆಯ ನಂಬರು

ಹಿರಿಯೂರು
9-2-1974

ಪ್ರೀತಿಯ ಮಗಳು ಏಕಾಂತಮ್ಮನಿಗೆ,

ನಿಮ್ಮಪ್ಪನ ಆಶೀರ್ವಾದ. ಹೊಳಲ್ಕೆರೆಯಲ್ಲಿ ನೀನೂ ಅಳಿಯಂದಿರೂ ಚೆನ್ನಾಗಿದ್ದೀರಾ? ನಿನ್ನ ಕೆಮ್ಮು ಹೋಯ್ತಾ ಅಂತ ನಿಮ್ಮವ್ವ ದಿನಾ ಕೇಳ್ತಾಳೆ. ನಾವು ಕ್ಷೇಮ ಅಂತ ಬರೆಯೋಕೆ ಮಾತ್ರ ಕೈ ಬರ್ತಿಲ್ಲ ಕಣವ್ವಾ.

ಸೋಮವಾರ ನಮ್ಮ ಹತ್ತಿ ಮಿಲ್ಲಿನಲ್ಲಿ ಓಬಯ್ಯನ ಬಲಗೈ ಬೀಜ ಬಿಡಿಸೋ ಜಿನ್ನಿಗೆ ಸಿಕ್ಕಿತು. ನಿನ್ನ ಮದುವೆಗೆ ಚಪ್ಪರ ಹಾಕಿದನಲ್ಲ, ಅವನೇ. ಮೂರು ಬೆರಳು ಹೋದವು. ಚಿತ್ರದುರ್ಗದ ಆಸ್ಪತ್ರೆಯಲ್ಲಿದ್ದಾನೆ, ಜೀವಕ್ಕೆ ಭಯವಿಲ್ಲ ಅಂದಿದ್ದಾರೆ. ಮೊದಲು ಸಿಕ್ಕಿದ್ದು ಬರೀ ಅಂಗಿ ತೋಳಂತೆ. ಜಿನ್ ಓಡಿಸೋ ಎಂಜಿನ್ ಆಗಲೇ ನಿಂತಿದ್ದರೆ ಬೆರಳು ಉಳೀತಿದ್ದವು.

ಯಾಕೆ ನಿಲ್ಲಲಿಲ್ಲ ಅನ್ನೋದನ್ನ ಯಾರಿಗೂ ಹೇಳಿಲ್ಲ, ನಿನಗೆ ಹೇಳ್ತೀನಿ. ಮದುವೆಗೆ ಮುಂಚೆ ಮಿಲ್ಲಿನಲ್ಲಿ ನೀನು ಕೂರ್ತಿದ್ದ ಟೆಲಿಫೋನ್ ಬೋರ್ಡಿನಲ್ಲಿ ಎಂಜಿನ್ ಮನೆಗೆ ಆರನೇ ತೂತಲ್ವಾ? ಅದು ಸಡಿಲಾಗಿ ಮಾತು ಕಡಿದು ಹೋಗ್ತಿತ್ತು. ಹಿಂದಿನ ಶನಿವಾರ ನಾನೇ ಬೋರ್ಡಿನ ಹಿಂದೆ ಕೂತು ತಂತಿ ಬಿಚ್ಚಿ ಒಂಬತ್ತಕ್ಕೆ ಹಾಕಿದೆ. ಮಾತಾಡಿ ನೋಡಿದೆ, ಸ್ವಚ್ಛವಾಗಿ ಕೇಳಿಸ್ತು. ಕೆಲಸ ಮುಗೀತು ಅಂತ ಎದ್ದು ಬಂದೆ. ನೀನಿದ್ದಿದ್ದರೆ ಬಿಡ್ತಿರಲಿಲ್ಲ, "ಪಟ್ಟಿ ತಿದ್ದಿ ಆಮೇಲೆ ಮನೆಗೆ ನಡಿಯಪ್ಪ" ಅಂತಿದ್ದೆ. ಫೋನು ಹೋಗೋದು ತಂತಿಯಲ್ಲಿ, ಕಾಗದದಲ್ಲಲ್ಲ ಅಂತ ನಾನು ನಗ್ತಿದ್ದೆ. ಗೋಡೆ ಮೇಲಿನ ನಂಬರು ಪಟ್ಟಿಯಲ್ಲಿ ಎಂಜಿನ್ ಮನೆಗೆ ಆರು ಅಂತಲೇ ಉಳೀತು.

ನಿನ್ನ ಜಾಗಕ್ಕೆ ಬಂದ ಚಿತ್ತಮ್ಮನಿಗೆ ಇನ್ನೂ ತಿಂಗಳಾಗಿಲ್ಲ. ಎಂಜಿನ್ ನಿಲ್ಲಿಸೋಕೆ ಹೇಳು ಅಂತ ಜಿನ್ ಶೆಡ್ಡಿನಿಂದ ಕೂಗಿದಾಗ, ಪಾಪ, ಪಟ್ಟಿ ನೋಡಿ ಆರಕ್ಕೇ ಪ್ಲಗ್ ಹಾಕಿದಳು. ಮತ್ತೆ ಮತ್ತೆ ಹಾಕಿದಳು. ಆ ತೂತಿಗೆ ತಂತಿಯೇ ಇಲ್ಲ. ಕೊನೆಗೆ ಓಬಯ್ಯನ ಜೊತೆ ಕೆಲಸ ಮಾಡೋ ಜುಂಜಣ್ಣ ಅಂಗಳ ದಾಟಿ ಓಡಿಹೋಗಿ ನಿಲ್ಲಿಸಿದ. ಗಲಾಟೆ ಕೇಳಿ ನಾನು ಹೋದಾಗಲೂ ಆಕೆ ಪ್ಲಗ್ ಬಿಟ್ಟಿರಲಿಲ್ಲ. "ಯಾರೂ ಎತ್ತುತಾ ಇಲ್ಲ ಮಾರಣ್ಣೋರೆ" ಅಂದಳು. ಅದು ಒಂಬತ್ತು ಕಣಮ್ಮಾ ಅನ್ನೋದು ಬಿಟ್ಟು, ಆಕೆ ಕೈಯಿಂದ ಪ್ಲಗ್ ತೆಗೆದಿಟ್ಟು ಹೊರಗೆ ಬಂದೆ. ಐದು ದಿನ ಆಯ್ತು. ಕಣ್ಣು ಮುಚ್ಚಿದರೆ ಆ ಖಾಲಿ ತೂತೇ ಕಾಣ್ತೈತೆ.

ನಿಮ್ಮ ಅತ್ತೆ ಮಾವನವರಿಗೆ ನಮಸ್ಕಾರ ತಿಳಿಸು. ತಣ್ಣೀರು ಕುಡೀಬೇಡ. ದೇವರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಪ್ಪ,
ವೈರ್‌ಮನ್ ಮಾರಣ್ಣ

ತಾ.ಕ.: ಕಾಗದ ಅಂಟಿಸ್ತಿದ್ದಾಗ ಜುಂಜಣ್ಣ ಬಂದ. ತಪ್ಪು ನಂಬರು ಹಾಕಿದಳು ಅಂತ ಮಾಲೀಕರು ಚಿತ್ತಮ್ಮನ್ನ ಕೆಲಸದಿಂದ ತೆಗೆದರಂತೆ. ಆಕೆ ತಪ್ಪು ತನ್ನದೇ ಅಂದ್ಕೊಂಡು ಮನೆಗೆ ಹೋದಳಂತೆ. ಇದನ್ನ ಟಪಾಲಿಗೆ ಹಾಕಿ ಸೀದಾ ಮಾಲೀಕರ ಹತ್ರ ಹೋಗಿ ತಪ್ಪು ನಂದು ಅಂತ ಹೇಳ್ತೀನಿ. ಕೆಲಸ ಹೋದರೆ ಹೋಗಲಿ. ಅಲ್ಲಿಂದ ಚಿತ್ರದುರ್ಗದ ಬಸ್ಸು ಹತ್ತಬೇಕು. ಓಬಯ್ಯನಿಗೂ ನಾನೇ ಹೇಳಬೇಕು.